ಸೇರಿದ ದಿನದ ಫೀಸೇ ಕೋರ್ಸ್ ಮುಗಿಯೋವರ್ಗೂ ಇರ್ಲಿ: ನಮ್ಮ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಯಾಕಾಗಲ್ಲ?

ಗುಬ್ಬಿ ಅಕ್ಕ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ ತಮ್ಮ ಬಿಸಿಎ ಎರಡನೇ ವರ್ಷ. ಸರ್ಕಾರಿ ಯೂನಿವರ್ಸಿಟಿ ಕೆಳಗೆ ಬರೋ ಕಾಲೇಜು, ಹೆಸರು ಬರೆಯಲ್ಲ, ಅವ್ನಿನ್ನೂ ಅಲ್ಲೇ ಎರಡು ವರ್ಷ ಓದ್ಬೇಕು. ಹೋದ್ವರ್ಷ ಸೇರಿಸ್ದಾಗ 18,000 ಕಟ್ಟಿದ್ವಿ. ಅಪ್ಪ ಅವತ್ತು ಸಂಜೆನೇ ಗೋಡೆ ಕ್ಯಾಲೆಂಡರ್ ತೆಗೆದು ಅದ್ರ ಹಿಂದೆ ಪೆನ್ಸಿಲಲ್ಲಿ ಬರ್ಕೊಂಡಿದ್ರು, 18 ಮೂರ್ಲ 54 ಸಾವಿರ ಅಂತ. ನಮ್ದು ತೆಂಗು, ಮುಕ್ಕಾಲು ಎಕರೆ, ಕೊಬ್ಬರಿ ಯಾವಾಗ ಮಾರ್ಬೇಕು ಯಾವಾಗ ಇಟ್ಕೋಬೇಕು ಅನ್ನೋದೆಲ್ಲ ಆ ಒಂದು ಲೆಕ್ಕದ ಮೇಲೆ ನಡೀತಿತ್ತು. ಈ ವರ್ಷ ತಮ್ಮ ಫೋನ್ ಮಾಡಿ, ಅಕ್ಕಾ 21,800 ಅಂತೆ, ಶುಕ್ರವಾರದೊಳಗೆ ಕಟ್ಬೇಕಂತೆ, ಆಮೇಲಾದ್ರೆ ದಂಡ ಅಂತೆ ಅಂದ. ಯಾಕೆ ಜಾಸ್ತಿ ಅಂತ ಕೇಳಿದ್ದಕ್ಕೆ ಕೌಂಟರಲ್ಲಿ 'ಎಲ್ರಿಗೂ ಜಾಸ್ತಿ ಆಗಿದೆ' ಅಂದ್ರಂತೆ ಅಷ್ಟೆ. ಅಪ್ಪ ಏನೂ ಮಾತಾಡ್ಲಿಲ್ಲ, ಕೊಬ್ಬರಿ ಇನ್ನೂ ಅಟ್ಟದ ಮೇಲೇ ಇತ್ತು, ಒಣಗಿರ್ಲಿಲ್ಲ, ಪಕ್ಕದ್ಮನೆಯೋರ ಹತ್ರ 4 ಸಾವಿರ ಕೈಸಾಲ ತಂದು ಕೊಟ್ರು. ಮಾರನೇ ದಿನ ನೋಡಿದ್ರೆ ಕ್ಯಾಲೆಂಡರ್ ಹಿಂದಿನ ಆ ಲೆಕ್ಕಾನ ಅಳಿಸಿದ್ರು. ಅದನ್ನ ನೋಡಿ ನಂಗೆ ತುಂಬಾ ಸಂಕಟ ಆಯ್ತು.

ಈ ವಿಷ್ಯ ನನ್ ಜೊತೆ ಪಿಯುಸಿ ಓದಿದ ಗೆಳತಿ ಹತ್ರ ಹೇಳ್ತಿದ್ದೆ. ಅವ್ಳು ಮದ್ವೆಯಾಗಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿದಾಳೆ. ಅವ್ಳು ಹೇಳೋದು, ಅಲ್ಲಿ 2003ರಲ್ಲೇ ಒಂದು ಕಾನೂನು ಮಾಡಿದಾರಂತೆ, ಟ್ರೂತ್ ಇನ್ ಟ್ಯೂಷನ್ ಅಂತ ಹೆಸ್ರು, 2004ರಲ್ಲಿ ಸೇರಿದ ಬ್ಯಾಚಿಂದ ಜಾರಿಗೆ ಬಂತು. ಆ ರಾಜ್ಯದ ಮಕ್ಳು ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗೆ ಸೇರಿದ್ರೆ, ಸೇರಿದ ವರ್ಷದ ಟ್ಯೂಷನ್, ಅಂದ್ರೆ ಪಾಠದ ಬೋಧನಾ ಶುಲ್ಕ, ಎಷ್ಟಿತ್ತೋ ಅಷ್ಟೇ ನಾಲ್ಕು ವರ್ಷ. ಮುಂದಿನ ವರ್ಷ ಸೇರೋರಿಗೆ ಬೇಕಾದ್ರೆ ಏರಿಸ್ಬೋದು, ಒಳಗಿರೋರಿಗೆ ಏರ್ಸೋ ಹಂಗಿಲ್ಲ.

ನಮ್ಮಲ್ಲಿ ಇದು ಯಾಕಾಗಲ್ಲ? ಕಮ್ಮಿ ಮಾಡಿ ಅಂತ ಕೇಳ್ತಿಲ್ಲ, ಎಷ್ಟಾಗುತ್ತೆ ಅಂತ ಮೊದ್ಲೇ ಹೇಳ್ಬಿಡಿ ಅಂತ ಕೇಳ್ತಿರೋದು. ಗೊತ್ತಿರೋರು ಹೇಳಿ.

ತಿಪಟೂರು ಹುಡ್ಗ:

ಅಕ್ಕ ನಮ್ ಕಾಲೇಜಲ್ಲೂ ಇದೇ ಕತೆ. ನೋಟಿಸ್ ಬೋರ್ಡಲ್ಲಿ ಹಾಕೋದು ಕಟ್ಟೋ ಕೊನೇ ದಿನಕ್ಕೆ ಐದು ದಿನ ಮುಂಚೆ. ಮನೇಲಿ ಹೇಳೋಕೆ ಭಯ ಆಗುತ್ತೆ, ನಾವೇ ಏನೋ ಖರ್ಚು ಮಾಡ್ಕೊಂಡು ಸುಳ್ಳು ಹೇಳ್ತಿದೀವಿ ಅನ್ಕೋತಾರೆ.

ಮುಳಬಾಗಿಲು ರೈತ:

ಗುಬ್ಬಿ ಅಕ್ಕಾ ನಿಮ್ಮ ಅಪ್ಪಾಜಿ ಸಂಕಟ ನಂಗೊತ್ತಾಗ್ತದೆ. ನಮ್ದು ಟೊಮೇಟೊ. ನಮ್ಮ ಆದಾಯ ಹೆಂಗಿರ್ತದೆ ಅಂದ್ರೆ, 2023ರ ಜುಲೈನಲ್ಲಿ ಕೋಲಾರ ಮಂಡಿನಲ್ಲಿ 15 ಕೆಜಿ ಬಾಕ್ಸು ಎರಡು ಸಾವ್ರ ದಾಟ್ತು, ಊರೆಲ್ಲಾ ಅದೇ ಮಾತು. ಅದೇ ಬಾಕ್ಸನ್ನ ನೂರು ರೂಪಾಯಿಗೂ ಕೇಳೋರಿಲ್ದೆ ರಸ್ತೆ ಪಕ್ಕ ಸುರಿದು ಬಂದಿದೀನಿ ನಾನು, ಗಾಡಿ ಬಾಡಿಗೆನೂ ಕೈಯಿಂದ ಕೊಟ್ಟು. ನಮ್ಮಂತೋರಿಗೆ ಬರೋ ದುಡ್ಡು ಯಾವಾಗ್ಲೂ ಏರುಪೇರು, ಹೋಗೋ ದುಡ್ಡಾದ್ರೂ ಒಂದೇ ಸಮ ಇದ್ರೆ ಬದುಕ್ಬೋದು. ಟೊಮೇಟೊಗೆ ರೇಟು ಸಿಕ್ಕಿದ ವರ್ಷ ಮೂರು ವರ್ಷದ್ದೂ ಒಟ್ಟಿಗೆ ಬ್ಯಾಂಕಿನಲ್ಲಿ ತೆಗೆದಿಟ್ಬಿಡ್ತೀನಿ ನಾನು, ಆದ್ರೆ ಎಷ್ಟು ಅಂತ ಗೊತ್ತಿದ್ರೆ ತಾನೆ ತೆಗೆದಿಡೋದು? ದೊಡ್ಡ ಮಗ್ಳು ಡಿಗ್ರಿ ಮುಗ್ಸೋ ಅಷ್ಟರಲ್ಲಿ ಮೂರು ವರ್ಷ ಮೂರು ತರ ಕಟ್ಟಿದೀನಿ. ಚಿಕ್ಕೋನು ಮುಂದಿನ ವರ್ಷ ಸೇರ್ತಾನೆ.

ಇನ್ನೊಂದು ಮಾತು. ನಮ್ಮೂರಿಂದ ಆಂಧ್ರದ ಗಡಿ ಹತ್ರನೇ. ಅಲ್ಲಿ ನೆಂಟ್ರು ಹೇಳ್ತಿರ್ತಾರೆ, ಇಂಜಿನಿಯರಿಂಗ್ ಕಾಲೇಜುಗಳಿಗೆ ಅಲ್ಲಿನ ಫೀಸು ಸಮಿತಿ ಮೂರು ವರ್ಷದ ಬ್ಲಾಕ್ ಅಂತ ಒಂದೇ ಸಲ ಗೊತ್ತು ಮಾಡ್ತದಂತೆ. ನಮ್ಮಲ್ಲಿ ನೋಡಿದ್ರೆ ಪ್ರತಿ ವರ್ಷ ಸಿಇಟಿ ಕೌನ್ಸೆಲಿಂಗ್ ಹತ್ರ ಬಂದಾಗ ಸರ್ಕಾರಕ್ಕೂ ಕಾಲೇಜಿನೋರಿಗೂ ಹಗ್ಗಜಗ್ಗಾಟ, ಪೇಪರ್ ನೋಡ್ತಾ ಕೂತಿರ್ಬೇಕು.

ಚಿಂತಾಮಣಿ ನಿವೃತ್ತ:

ನಾನು ಒಂದು ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಕೆಲ್ಸ ಮಾಡಿ ರಿಟೈರ್ ಆದೋನು. ಎರಡೂ ಕಡೆಯ ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ.

ಮೂರು ವರ್ಷ ಏರಿಸ್ಬಾರ್ದು ಅಂತ ಕೈ ಕಟ್ಟಿ ಹಾಕಿದ್ರೆ, ಲೆಕ್ಕ ಮಾಡೋನು ಮುಂದಿನ ಎರಡು ವರ್ಷದ ಏರಿಕೇನ ಮೊದಲ್ನೇ ವರ್ಷಕ್ಕೇ ಸೇರಿಸ್ತಾನೆ. ಸಣ್ಣ ಲೆಕ್ಕ ನೋಡಿ. ಈಗ ಫೀಸು 20,000, ವರ್ಷಕ್ಕೆ ಶೇಕಡ 8 ಏರುತ್ತೆ ಅಂತ ಇಟ್ಕೊಳ್ಳಿ. ಎರಡನೇ ವರ್ಷ 21,600, ಮೂರನೇ ವರ್ಷ 23,328. ಒಟ್ಟು 64,928. ಇದನ್ನ ಮೂರಕ್ಕೆ ಭಾಗ ಮಾಡಿದ್ರೆ ವರ್ಷಕ್ಕೆ ಹತ್ರಹತ್ರ 21,650. ಅಂದ್ರೆ ಮೊದಲ್ನೇ ವರ್ಷ 1,650 ಜಾಸ್ತಿ, ಎರಡನೇ ವರ್ಷ ಹೆಚ್ಚುಕಮ್ಮಿ ಅಷ್ಟೇ, ಮೂರನೇ ವರ್ಷ 1,678 ಉಳಿತಾಯ. ಒಟ್ಟು ಮೊತ್ತದಲ್ಲಿ ಏನೂ ವ್ಯತ್ಯಾಸ ಇಲ್ಲ. ಇದು ಪ್ರಾಮಾಣಿಕವಾಗಿ ಲೆಕ್ಕ ಮಾಡಿದ್ರೆ. ಆದ್ರೆ ಮುಂದೆ ಏನಾಗುತ್ತೋ ಅನ್ನೋ ಭಯಕ್ಕೆ ಇನ್ನೊಂದು ಸಾವಿರ ಮೇಲೆ ಇಟ್ಕೊಳ್ಳೋದು ಎಲ್ಲಾ ಹಣಕಾಸು ಅಧಿಕಾರಿಗಳ ಸ್ವಭಾವ, ನಾನೂ ಇಟ್ಕೊಂಡಿದೀನಿ.

ಆ ತಾಯಿ ಹೇಳಿದ ಇಲಿನಾಯ್‌ದೇ ತಗೊಳ್ಳಿ. ಅಲ್ಲಿನ ಕಾನೂನಿನ ಮೇಲೆ ಡೆಲಾನಿ, ಕಿಯರ್ನಿ ಅನ್ನೋ ಇಬ್ರು ಸಂಶೋಧಕರು 2015ರಲ್ಲಿ ಅಧ್ಯಯನ ಬರೆದ್ರು. ಈ ಕಾನೂನು ಇಲ್ದೇ ಇರೋ ಕಡೆಯ ಯೂನಿವರ್ಸಿಟಿಗಳ ಜೊತೆ ಹೋಲಿಸಿ ನೋಡಿದ್ರೆ, ಇಲಿನಾಯ್‌ನಲ್ಲಿ ಹೊಸ ಬ್ಯಾಚಿನ ವಾರ್ಷಿಕ ಟ್ಯೂಷನ್ ನಿರೀಕ್ಷೆಗಿಂತ ಶೇಕಡ 26ರಿಂದ 30ರಷ್ಟು ಜಾಸ್ತಿ ಏರಿತ್ತು, ನಾಲ್ಕು ವರ್ಷದ ಒಟ್ಟು ಮೊತ್ತ ತಗೊಂಡ್ರೂ ಶೇಕಡ 6ರಿಂದ 7 ಜಾಸ್ತಿ. ನಿಶ್ಚಿಂತೆ ಅನ್ನೋದು ಪುಕ್ಕಟೆ ಸಿಗ್ಲಿಲ್ಲ ಅಲ್ಲಿ, ಅದಕ್ಕೂ ಬೆಲೆ ಕಟ್ಟಿದ್ರು.

ಯೂನಿವರ್ಸಿಟಿಗಳ ಪರಿಸ್ಥಿತಿನೂ ನೋಡ್ಬೇಕು. ತುಮಕೂರು ವಿವಿ ಬೆಂಗಳೂರು ವಿವಿಯಿಂದ ಬೇರೆಯಾಗಿದ್ದು 2004ರಲ್ಲಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳು ಬೆಂಗಳೂರು ಉತ್ತರ ವಿವಿಗೆ ಬಂದಿದ್ದು 2017ರಲ್ಲಿ. ವಿವಿ ಹುಟ್ಟಿದಷ್ಟು ಬೇಗ ಹುದ್ದೆಗಳು ಮಂಜೂರಾಗಲ್ಲ. ಪಾಠ ಮಾಡೋದು ಬಹುಪಾಲು ಅತಿಥಿ ಉಪನ್ಯಾಸಕರು, ಅವ್ರ ಸಂಬಳಕ್ಕೂ ರಿಟೈರ್ ಆದೋರ ಪೆನ್ಷನ್‌ಗೂ ಆಂತರಿಕ ಸಂಪನ್ಮೂಲ ಅಂತ ತೋರಿಸ್ತಾರೆ, ಆ ಆಂತರಿಕ ಸಂಪನ್ಮೂಲ ಅಂದ್ರೆ ಮಕ್ಳ ಫೀಸೇ. 2025ರ ಫೆಬ್ರವರಿಯಲ್ಲಿ ಹೊಸದಾಗಿ ತೆರೆದ 9 ವಿವಿಗಳನ್ನ ಮುಚ್ಚೋ ಮಾತು ಸರ್ಕಾರದಿಂದಲೇ ಬಂತಲ್ಲ, ದುಡ್ಡಿಲ್ಲ ಅಂತ್ಲೇ ಅದು. ಸರ್ಕಾರದ ಅನುದಾನ ಎಷ್ಟು ಬರುತ್ತೆ ಅನ್ನೋದು ವಿವಿಗೇ ಮುಂದಿನ ವರ್ಷದ್ದು ಗೊತ್ತಿರಲ್ಲ. ಅವ್ರು ನಿಮ್ಗೆ ಮೂರು ವರ್ಷದ್ದು ಹೆಂಗೆ ಹೇಳ್ತಾರೆ ಅನ್ನೋದೇ ಪ್ರಶ್ನೆ.

ಬಂಗಾರಪೇಟೆ ಪ್ಯಾಸೆಂಜರ್:

ಸಾರ್ ನಿಮ್ ಅನುಭವಕ್ಕೆ ಗೌರವ ಇದೆ ಆದ್ರೆ ಒಪ್ಪಲ್ಲ. ಸರ್ಕಾರ ದುಡ್ಡು ಕೊಡ್ತಿಲ್ಲ ಅಂದ್ರೆ ಸರ್ಕಾರಾನ ಕೇಳ್ಬೇಕು, ಆ ಅಕ್ಕನ ಅಪ್ಪನ್ನ ಅಲ್ಲ. ಸರ್ಕಾರಿ ಯೂನಿವರ್ಸಿಟೀಲಿ ಫೀಸು ಏರ್ಲೇಬಾರ್ದು, ಹೊಸಬ್ರಿಗೂ ಸೇರಿ, ಇದು ನನ್ನ ನಿಲುವು.

ಈ ಬ್ಯಾಚ್ ಲೆಕ್ಕದ ಫಿಕ್ಸೆಡ್ ಫೀಸಲ್ಲಿ ನಂಗೆ ಕಾಣೋ ಅಪಾಯ ಬೇರೆ. ಏರಿಕೆ ಯಾವಾಗ್ಲೂ ಇನ್ನೂ ಸೇರದೇ ಇರೋ ಮಕ್ಳ ಮೇಲೆ ಬೀಳುತ್ತೆ. ಅವ್ರಿನ್ನೂ ಪಿಯುಸಿ ಪರೀಕ್ಷೆ ಬರೀತಿರ್ತಾರೆ, ಅವ್ರ ಪರವಾಗಿ ಗೇಟ್ ಮುಂದೆ ಕೂರೋರು ಯಾರು? ಒಳಗಿರೋರಿಗೆ ನಮ್ದೇನೂ ಏರಿಲ್ವಲ್ಲ ಅನ್ನೋ ಸಮಾಧಾನ. 2016ರಲ್ಲಿ ಐಐಟಿ ಬಿಟೆಕ್ ಫೀಸು 90 ಸಾವಿರದಿಂದ 2 ಲಕ್ಷಕ್ಕೆ ಹೋಯ್ತು, ಆ ವರ್ಷ ಹೊಸದಾಗಿ ಸೇರೋರಿಗೆ. 2022ರಲ್ಲಿ ಅಲಹಾಬಾದ್ ವಿವಿ 975 ರೂಪಾಯಿ ಇದ್ದಿದ್ದನ್ನ 4,151 ಮಾಡ್ತು, ಅದೂ ಹೊಸ ಬ್ಯಾಚಿಗೆ. ಅಲಹಾಬಾದಲ್ಲಿ ಹುಡುಗ್ರು ಸುಮ್ನಿರ್ಲಿಲ್ಲ, ಉಪವಾಸ ಕೂತ್ರು, ಅದು ಬೇರೆ ಮಾತು. ಆದ್ರೆ ಎಲ್ಲಾ ಕಡೆ ಹಂಗೆ ಆಗಲ್ಲ. ನಾನು ದಿನಾ ಬೆಳಿಗ್ಗೆ ಟ್ರೈನಲ್ಲಿ ಬೆಂಗಳೂರಿಗೆ ಕ್ಲಾಸಿಗೆ ಹೋಗೋನು, ಒಂದೇ ಬೋಗಿಲಿ ಒಂದೇ ಕಾಲೇಜಿನ ಮೂರು ಬ್ಯಾಚಿನೋರು ಕೂತಿರ್ತೀವಿ. ಮೂರು ಜನಕ್ಕೂ ಮೂರು ರೇಟು ಆದ್ರೆ ಒಟ್ಟಿಗೆ ನಿಂತು ಕೇಳೋ ಶಕ್ತಿನೇ ಹೋಗುತ್ತೆ.

ಮುಳಬಾಗಿಲು ರೈತ:

ತಮ್ಮಾ ನೀನು ಹೇಳೋದು ದೊಡ್ಡ ಮಾತು, ನ್ಯಾಯನೇ. ಆದ್ರೆ ಫೀಸೇ ಏರ್ಬಾರ್ದು ಅನ್ನೋದು ಆಗೋ ಹೊತ್ತಿಗೆ ನನ್ ಮಗಂದು ಡಿಗ್ರಿ ಮುಗ್ದಿರ್ತದೆ. ನಂಗೆ ಮುಂದಿನ ಜೂನ್‌ಗೆ ಎಷ್ಟು ಅಂತ ಬೇಕು. ಚಿಂತಾಮಣಿ ಸಾರ್ ಹೇಳಿದಂಗೆ ಮೊದ್ಲು 1,650 ಜಾಸ್ತಿ ತಗೊಳ್ಳಿ, ಪರ್ವಾಗಿಲ್ಲ, ಆಮೇಲೆ ಮಧ್ಯದಾಗೆ ಬಂದು ಕತ್ತು ಹಿಡೀಬೇಡಿ.

ಶಿಡ್ಲಘಟ್ಟ ರೇಷ್ಮೆಗೂಡು:

ಅಣ್ಣ, 1,650 ಪರ್ವಾಗಿಲ್ಲ ಅನ್ನೋದು ಮೂರು ವರ್ಷ ಓದಿ ಮುಗಿಸೋರಿಗೆ. ನಾನು ಬಿಕಾಂ ಕೊನೇ ವರ್ಷ. ನಮ್ ಕ್ಲಾಸಲ್ಲಿ ಮೊದಲ್ನೇ ವರ್ಷ ಇದ್ದ ಹುಡ್ಗೀರಲ್ಲಿ ನಾಲ್ಕು ಜನ ಎರಡನೇ ವರ್ಷ ಬರ್ಲಿಲ್ಲ, ಮೂರು ಜನಕ್ಕೆ ಮದ್ವೆ ಆಯ್ತು, ಒಬ್ಳು ಅಪ್ಪ ತೀರ್ಕೊಂಡ್ರು ಅಂತ ಗಾರ್ಮೆಂಟ್ಸಿಗೆ ಸೇರ್ಕೊಂಡ್ಳು. ಮುಂದಿನ ಏರಿಕೇನ ಮೊದಲ್ನೇ ವರ್ಷಕ್ಕೇ ಸೇರಿಸಿ ತಗೊಂಡಿದ್ರೆ ಅವ್ರು ಓದದೇ ಇರೋ ವರ್ಷಕ್ಕೂ ಕೊಟ್ಟಂಗೆ ಆಗ್ತಿತ್ತು. ಅರ್ಧಕ್ಕೆ ಬಿಡೋರು ಯಾರು ಅಂತ ನೋಡಿ, ಕಷ್ಟದಲ್ಲಿರೋರೇ. ಅವ್ರಿಗೆ ವಾಪಸ್ ಕೊಡೋ ನಿಯಮ ಇಲ್ದೆ ಫಿಕ್ಸೆಡ್ ಫೀಸು ಬೇಡ ಅಂತೀನಿ ನಾನು.

ಫೇಲ್ ಆದೋರದ್ದು ಹೇಗೆ ಅನ್ನೋದೂ ಕೇಳ್ಬೇಕು. ಮೂರು ವರ್ಷ ಅಂತ ಲಾಕ್ ಮಾಡಿ, ಒಂದು ಸಬ್ಜೆಕ್ಟ್ ಉಳ್ಕೊಂಡು ನಾಲ್ಕನೇ ವರ್ಷ ಬಂದ್ರೆ ಹೊಸ ರೇಟಾ?

ಇನ್ನೊಂದು. ನಮ್ಮಂತೋರು ಬಹಳಷ್ಟು ಜನ ಮೊದ್ಲು ಕೈಯಿಂದ ಕಟ್ಟಿ ಆಮೇಲೆ ಎಸ್ಎಸ್‌ಪಿ ಅನ್ನೋ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ಅರ್ಜಿ ಹಾಕಿ ಕಾಯೋರು. ಶುಲ್ಕ ವಿನಾಯಿತಿ, ರೈತ ವಿದ್ಯಾನಿಧಿ, ವಿದ್ಯಾಸಿರಿ, ಎಲ್ಲಾ ಅಲ್ಲೇ. ದುಡ್ಡು ಬರೋದು ಯಾವಾಗ್ಲೋ. ನಂಗೆ ಆಧಾರ್ ಲಿಂಕ್ ಸರಿ ಇಲ್ಲ ಅಂತ ಬ್ಯಾಂಕಿಗೆ ಐದು ಸಲ ಹೋಗಿ ಬಂದಿದೀನಿ, ಗೂಡಿನ ಮಾರ್ಕೆಟ್ಟಿಗೆ ಅಮ್ಮನ ಜೊತೆ ಹೋಗೋ ದಿನ ಬಿಟ್ಟು. ಫೀಸು ಫಿಕ್ಸ್ ಆಗಿ, ವಿನಾಯಿತಿ ದುಡ್ಡು ಬರೋ ತಾರೀಖು ಫಿಕ್ಸ್ ಆಗ್ದೇ ಇದ್ರೆ ಕೈಸಾಲ ತಪ್ಪಲ್ಲ.

ಚಿಂತಾಮಣಿ ನಿವೃತ್ತ:

ಈ ಮಗು ಹೇಳಿದ್ದು ನಂಗೆ ಹೊಳೆದಿರ್ಲಿಲ್ಲ. ಅರ್ಧಕ್ಕೆ ಬಿಟ್ಟೋರ ಲೆಕ್ಕ ನಮ್ಮ ಕಡತಗಳಲ್ಲಿ ಬರ್ತಾನೇ ಇರ್ಲಿಲ್ಲ.

ಫೇಲ್ ಆದೋರ ಬಗ್ಗೆ ಕೇಳಿದ್ಯಲ್ಲಮ್ಮ, ಇಲಿನಾಯ್‌ನಲ್ಲಿ ನಾಲ್ಕು ವರ್ಷದ ಮೇಲೂ ಓದ್ಬೇಕಾದ್ರೆ, ತಮಗಿಂತ ಒಂದು ವರ್ಷ ಹಿಂದೆ ಇರೋ ಬ್ಯಾಚಿನ ದರಕ್ಕೆ ಇನ್ನೆರಡು ವರ್ಷ ಅಂತ ಆಮೇಲೆ ತಿದ್ದುಪಡಿ ಮಾಡಿದ್ರು. ನಮ್ಮಲ್ಲಿ ಇನ್ನೊಂದು ತೊಡಕು, ಕೋರ್ಸು ಎಷ್ಟು ವರ್ಷ ಅನ್ನೋದೇ ಮಧ್ಯದಲ್ಲಿ ಬದಲಾಗುತ್ತೆ. 2021ರಲ್ಲಿ ಸೇರಿದೋರಿಗೆ ನಾಲ್ಕು ವರ್ಷದ ಆನರ್ಸ್ ಅಂದ್ರು, 2024ರಲ್ಲಿ ಹೊಸಬ್ರಿಗೆ ಮತ್ತೆ ಮೂರು ವರ್ಷ ಅಂದ್ರು.

ಗುಬ್ಬಿಯ ತಾಯಿ, ಒಂದು ಕೇಳ್ಬೇಕು ನಿಮ್ಮನ್ನ. ಎರಡೂ ವರ್ಷದ ರಸೀದಿ ಇದ್ಯಾ? ಒಟ್ಟು ಮೊತ್ತ ಬಿಟ್ಟು, ಒಳಗಿರೋ ಬಾಬ್ತುಗಳನ್ನ ಒಂದೊಂದೇ ಬರೀರಿ. ಟ್ಯೂಷನ್ ಬಾಬ್ತಿನಲ್ಲಿ ಎಷ್ಟಿದೆ ನೋಡ್ಬೇಕು.

ಗುಬ್ಬಿ ಅಕ್ಕ:

ನಿನ್ನೆ ಸಂಜೆಯಿಂದ ಕರೆಂಟ್ ಇರ್ಲಿಲ್ಲ, ತಡ ಆಯ್ತು ಸಾರ್. ತಮ್ಮ ವಾರದ ಕೊನೆಗೆ ಬಂದಿದ್ದ, ಅವ್ನ ಬ್ಯಾಗಿಂದ ಎರಡೂ ತೆಗೆದು ಮಂಚದ ಮೇಲೆ ಪಕ್ಕಪಕ್ಕ ಇಟ್ಕೊಂಡು ಟಾರ್ಚ್ ಹಾಕಿ ನೋಡಿದ್ವಿ. ಒಂದು ಮಡಚಿ ಮಡಚಿ ಅಕ್ಷರ ಅಳಿಸಿಹೋಗಿದೆ, ಆದ್ರೂ ಓದ್ಬೋದು.

ಹೋದ್ವರ್ಷ: ಪ್ರವೇಶ ಶುಲ್ಕ 500, ಟ್ಯೂಷನ್ 9,000, ಲ್ಯಾಬ್ 3,000, ಲೈಬ್ರರಿ 800, ಕ್ರೀಡೆ 400, ಅಭಿವೃದ್ಧಿ ಶುಲ್ಕ 2,500, ಯೂನಿವರ್ಸಿಟಿ ನೋಂದಣಿ 1,200, ಇತರೆ 600. ಒಟ್ಟು 18,000.

ಈ ವರ್ಷ: ಟ್ಯೂಷನ್ 9,000, ಲ್ಯಾಬ್ 4,500, ಲೈಬ್ರರಿ 1,000, ಕ್ರೀಡೆ 500, ಅಭಿವೃದ್ಧಿ ಶುಲ್ಕ 4,000, ಇಂಟರ್‌ನೆಟ್ ಶುಲ್ಕ ಅಂತ ಹೊಸದು 1,500, ಇತರೆ 1,300. ಒಟ್ಟು 21,800.

ಸಾರ್, ಟ್ಯೂಷನ್ ಒಂದು ರೂಪಾಯಿನೂ ಏರಿಲ್ಲ! 9,000 ಇದ್ದಿದ್ದು 9,000ವೇ ಇದೆ. ನಾನು ಎರಡು ಸಲ ಕಣ್ಣೊರ್ಸ್ಕೊಂಡು ನೋಡ್ದೆ. ಮೇಲ್ನೋಟಕ್ಕೆ 3,800 ಜಾಸ್ತಿ ಅನ್ಸುತ್ತೆ, ಆದ್ರೆ ಪ್ರವೇಶ ಶುಲ್ಕ, ನೋಂದಣಿ ಎರಡೂ ಒಂದೇ ಸಲದ್ದು, ಆ 1,700 ಈ ವರ್ಷ ಇಲ್ಲ. ಅಂದ್ರೆ ಈ ವರ್ಷ ಕಮ್ಮಿ ಆಗ್ಬೇಕಿತ್ತು. ನಿಜಕ್ಕೂ ಏರಿರೋದು 5,500. ಎಲ್ಲಾ ಟ್ಯೂಷನ್ ಅಲ್ದೇ ಇರೋ ಸಾಲುಗಳಲ್ಲೇ. ಅಪ್ಪನೂ ಪಕ್ಕದಲ್ಲೇ ಕೂತಿದ್ರು, 'ಇತರೆ ಅಂದ್ರೆ ಏನಮ್ಮ' ಅಂದ್ರು. ತಮ್ಮಂಗೂ ಗೊತ್ತಿಲ್ಲ ನಂಗೂ ಗೊತ್ತಿಲ್ಲ. ಲ್ಯಾಬಲ್ಲಿ ಎಷ್ಟು ಕಂಪ್ಯೂಟರ್ ನಡೀತಾವೆ ಅಂತ ಕೇಳಿದ್ರೆ, ಮೂವತ್ತರಲ್ಲಿ ಹದಿನೆಂಟು, ಇಬ್ರಿಬ್ರು ಕೂರ್ತೀವಿ ಅಂದ.

ಅಂದ್ರೆ ನಾನು ಮೊದ್ಲು ಬರೆದಿದ್ದೇ ತಪ್ಪಾಯ್ತು. ನಾಳೆನೇ ಸರ್ಕಾರ ಟ್ಯೂಷನ್ ಮೂರು ವರ್ಷ ಫಿಕ್ಸ್ ಅಂತ ಆದೇಶ ಮಾಡಿದ್ರೂ ನಮ್ಮನೇಗೆ ಏನೂ ಉಪಯೋಗ ಆಗ್ತಿರ್ಲಿಲ್ಲ. ಅದು ಈಗಾಗ್ಲೇ ಫಿಕ್ಸೇ ಇದೆ.

ಮುಳಬಾಗಿಲು ರೈತ:

ಚಾಪೆ ಕೆಳಗೆ ತೂರಿದ್ರೆ ರಂಗೋಲಿ ಕೆಳಗೆ ತೂರೋದು ಅಂದ್ರೆ ಇದೇ ಕಣಕ್ಕ.

ಶಿರಾದೋನು ಈಗ ಅಟ್ಲಾಂಟಾ:

ಊರಿನೋರ ಮಾತು ಓದ್ತಾ ಓದ್ತಾ ಬರೆಯದೇ ಇರೋಕಾಗ್ಲಿಲ್ಲ. ಹುಟ್ಟಿದ್ದು ಶಿರಾ ತಾಲ್ಲೂಕು, ಈಗ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿದೀನಿ. ಅಕ್ಕಾ ನಿಮ್ಮ ಎರಡು ರಸೀದಿ ಕತೆ ಇಲ್ಲೂ ನಡೆದಿದೆ, ಇಡೀ ರಾಜ್ಯದ ಮಟ್ಟದಲ್ಲಿ.

ಇಲ್ಲಿ 2006ರಲ್ಲಿ ಸರ್ಕಾರಿ ಯೂನಿವರ್ಸಿಟಿಗಳಿಗೆ 'ಫಿಕ್ಸ್ಡ್ ಫಾರ್ ಫೋರ್' ಅಂತ ಯೋಜನೆ ತಂದ್ರು, ಸೇರಿದ ವರ್ಷದ ಟ್ಯೂಷನ್ನೇ ನಾಲ್ಕು ವರ್ಷ. ಜನ ಖುಷಿಯಾಗಿದ್ರು. 2008ರಲ್ಲಿ ಆರ್ಥಿಕ ಕುಸಿತ ಬಂತಲ್ಲ, ರಾಜ್ಯ ಸರ್ಕಾರ ಯೂನಿವರ್ಸಿಟಿಗಳ ಅನುದಾನ ಕತ್ತರಿಸ್ತು. ಒಳಗಿರೋರ ಟ್ಯೂಷನ್ ಮುಟ್ಟೋ ಹಂಗಿಲ್ಲ. ಏನ್ ಮಾಡಿದ್ರು ಅಂದ್ರೆ 2009ರ ಜನವರಿಯಲ್ಲಿ, ವರ್ಷದ ಮಧ್ಯದಲ್ಲೇ, 'ವಿಶೇಷ ಸಂಸ್ಥಾ ಶುಲ್ಕ' ಅಂತ ಹೊಸ ಸಾಲು ಸೇರಿಸಿದ್ರು. ತಾತ್ಕಾಲಿಕ ಅಂದಿದ್ರು. ಅದು ಆಮೇಲೆ ಏರ್ತಾ ಹೋಯ್ತು, ತೆಗೆದಿದ್ದು 2022ರಲ್ಲಿ. ಫಿಕ್ಸ್ಡ್ ಫಾರ್ ಫೋರ್ ಅನ್ನ ಮಾತ್ರ 2009ರಲ್ಲಿ ಸೇರೋರಿಗೇ ನಿಲ್ಲಿಸ್ಬಿಟ್ರು. ಅಭಯ ಕೊಟ್ಟ ಯೋಜನೆ ಮೂರೇ ಬ್ಯಾಚಿಗೆ ಹೋಯ್ತು, ತಾತ್ಕಾಲಿಕ ಶುಲ್ಕ 13 ವರ್ಷ ಉಳೀತು. ಒಂದು ಮಾತು ನ್ಯಾಯವಾಗಿ ಹೇಳ್ಬೇಕು, ಮೊದ್ಲೇ ಸೇರಿದ್ದ ಬ್ಯಾಚುಗಳಿಗೆ ಕೊಟ್ಟ ಮಾತು ಉಳಿಸ್ಕೊಂಡ್ರು.

ಇಲಿನಾಯ್ ಕಾನೂನೂ ಅಷ್ಟೆ, ಟ್ಯೂಷನ್ ಮಾತ್ರ ಲಾಕ್, ಉಳಿದ ಶುಲ್ಕ, ಹಾಸ್ಟೆಲ್ ಅದ್ರೊಳಗೆ ಬರಲ್ಲ. ನಿಮ್ಮ ಗೆಳತೀನ ಇನ್ನೊಂದ್ಸಲ ಕೇಳಿ ನೋಡಿ.

ನಂಗೆ ಸ್ವಲ್ಪ ಪರ್ವಾಗಿಲ್ಲ ಅನ್ಸಿದ್ದು ಕ್ಯಾಲಿಫೋರ್ನಿಯಾದ್ದು. ನನ್ ಭಾಮೈದನ ಮಗ್ಳು ಅಲ್ಲಿ ಓದ್ತಿದಾಳೆ. 2021ರ ಜುಲೈನಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆಡಳಿತ ಮಂಡಳಿ ತೀರ್ಮಾನ ಮಾಡಿ 2022ರಲ್ಲಿ ಸೇರಿದ ಬ್ಯಾಚಿಂದ ಶುರು ಮಾಡಿದ್ರು. ಆರು ವರ್ಷದವರ್ಗೂ ಅದೇ ದರ, ಅಂದ್ರೆ ಒಂದೆರಡು ಸಬ್ಜೆಕ್ಟ್ ಉಳ್ಕೊಂಡ್ರೂ ಭಯ ಇಲ್ಲ. ಹೊಸ ಬ್ಯಾಚಿಗೆ ಏರಿಸೋದಾದ್ರೂ ಬೆಲೆಯೇರಿಕೆಗೆ ತಕ್ಕಂಗೆ, ವರ್ಷಕ್ಕೆ ಶೇಕಡ 5 ದಾಟೋ ಹಂಗಿಲ್ಲ. ಹಂಗೆ ಏರಿಸಿ ಬಂದ ಹೆಚ್ಚುವರಿ ದುಡ್ಡಲ್ಲಿ ಶೇಕಡ 45 ಬಡ ವಿದ್ಯಾರ್ಥಿಗಳ ಸಹಾಯಕ್ಕೇ ಹೋಗ್ಬೇಕು ಅಂತ 2021ರ ತೀರ್ಮಾನದಲ್ಲಿತ್ತು. ಟ್ಯೂಷನ್ ಜೊತೆ ವಿದ್ಯಾರ್ಥಿ ಸೇವಾ ಶುಲ್ಕ ಅನ್ನೋದನ್ನೂ ಸೇರಿಸಿ ಲಾಕ್ ಮಾಡಿದಾರೆ. ಆದ್ರೆ ಅಲ್ಲೂ ಆಯಾ ಕ್ಯಾಂಪಸ್ಸಿನ ಸಣ್ಣಪುಟ್ಟ ಶುಲ್ಕ ಹೊರಗೇ ಇದೆ, ಮನೆ ಬಾಡಿಗೆ ಅಂತೂ ಕೇಳ್ಬೇಡಿ.

ತಿಪಟೂರು ಹುಡ್ಗ:

ಬೇಕಾದೋರು ತಗೊಳ್ಳಿ ಬೇಡದೋರು ಬಿಡ್ಲಿ ಅಂತ ಮಾಡಿದ್ರೆ? ಫಿಕ್ಸೆಡ್ ಬೇಕು ಅನ್ನೋರಿಗೆ ಒಂದು ರೇಟು, ವರ್ಷವರ್ಷ ಬದಲಾಗೋದು ಪರ್ವಾಗಿಲ್ಲ ಅನ್ನೋರಿಗೆ ಇನ್ನೊಂದು?

ಶಿರಾದೋನು ಈಗ ಅಟ್ಲಾಂಟಾ:

ಟೆಕ್ಸಾಸಲ್ಲಿ ಅದೇ ಇದೆ ತಮ್ಮ. 2013ರ ಕಾನೂನು, 2014ರಿಂದ ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳು ಫಿಕ್ಸೆಡ್ ಆಯ್ಕೆ ಕೊಡ್ಲೇಬೇಕು. ಆದ್ರೆ ಯಾವ್ದು ಲಾಭ ಅಂತ ಹೆಂಗೆ ಆರಿಸ್ತೀಯ, ಮುಂದಿನ ವರ್ಷಗಳಲ್ಲಿ ಎಷ್ಟು ಏರುತ್ತೆ ಅಂತ ಗೊತ್ತಿರೋದು ಅವ್ರಿಗೆ, ನಮಗಲ್ಲ. ಮನೇಲಿ ಓದಿದೋರು ಇದ್ದು ಕೂತು ಲೆಕ್ಕ ಹಾಕೋರಿದ್ರೆ ಸರಿ.

ಬಂಗಾರಪೇಟೆ ಪ್ಯಾಸೆಂಜರ್:

ಗುಬ್ಬಿ ಅಕ್ಕನ ರಸೀದಿ ನೋಡಿ ನನ್ನ ಮಾತಲ್ಲಿ ಸ್ವಲ್ಪ ಬದಲಾವಣೆ ಮಾಡ್ಕೋತೀನಿ. ನಾನು ಇಷ್ಟು ದಿನ ಟ್ಯೂಷನ್ ಏರ್ಸ್ಬೇಡಿ ಅಂತ ಬೋರ್ಡ್ ಬರೀತಿದ್ದೆ. ನಂದೂ ತೆಗೆದು ನೋಡ್ದೆ ಈಗ. ಟ್ಯೂಷನ್ ಹಂಗೇ ಇದೆ, ಏರಿರೋದು ಅಭಿವೃದ್ಧಿ ಶುಲ್ಕ, ಪರೀಕ್ಷಾ ಶುಲ್ಕ. ಮೂರು ವರ್ಷ ಏರಿಸದೇ ಇರೋ ಬಾಬ್ತಿನ ಬಗ್ಗೆ ಘೋಷಣೆ ಕೂಗ್ತಿದ್ವಿ ನಾವು.

ಶಿಡ್ಲಘಟ್ಟ ರೇಷ್ಮೆಗೂಡು:

ನಮ್ ಕಾಲೇಜಲ್ಲಿ ಪರೀಕ್ಷಾ ಶುಲ್ಕ ಫೀಸಿನ ರಸೀದಿಲೂ ಇರಲ್ಲ, ಅದು ಸೆಮಿಸ್ಟರಿಗೊಂದ್ಸಲ ಬೇರೆ ಕಟ್ಟೋದು. ಮಾರ್ಕ್ಸ್ ಕಾರ್ಡಿಗೆ ಬೇರೆ, ಮರುಮೌಲ್ಯಮಾಪನಕ್ಕೆ ಬೇರೆ, ಘಟಿಕೋತ್ಸವಕ್ಕೆ ಬೇರೆ. ಸರ್ಕಾರಿ ಕಾಲೇಜಲ್ಲಿ ನಮ್ಗೆ ಹೆಣ್ಮಕ್ಳಿಗೆ ಟ್ಯೂಷನ್ ಫೀಸ್ ವಿನಾಯಿತಿ ಇದೆ ಅಂತಾರೆ, ಎಲ್ರೂ 'ನಿಮ್ಗೇನಮ್ಮ ಫ್ರೀ' ಅಂತಾರೆ. ಉಳಿದ ಬಾಬ್ತೆಲ್ಲ ಕಟ್ತೀವಿ ಅಂತ ಯಾರಿಗೂ ಗೊತ್ತಿಲ್ಲ. ನಮ್ ಅಮ್ಮಂಗೂ ಅರ್ಥ ಮಾಡ್ಸೋಕೆ ಆಗಿಲ್ಲ, ಫ್ರೀ ಅಂದ್ಮೇಲೆ ಯಾಕೆ ದುಡ್ಡು ಕೇಳ್ತೀಯ ಅಂತಾರೆ.

ಚಿಂತಾಮಣಿ ನಿವೃತ್ತ:

ಈಗ ಮಾತು ಸರಿಯಾದ ಜಾಗಕ್ಕೆ ಬಂತು. ಆ ಕುರ್ಚೀಲಿ ಕೂತಿದ್ದೋನಾಗಿ ಹೇಳ್ತೀನಿ. ಟ್ಯೂಷನ್ ಏರಿಸೋದು ಅಂದ್ರೆ ಮೇಲಿಂದ ಕೇಳ್ತಾರೆ, ಪೇಪರಲ್ಲಿ ಬರುತ್ತೆ, ವಿದ್ಯಾರ್ಥಿ ಸಂಘಟನೆಯೋರು ಬರ್ತಾರೆ. ಅಭಿವೃದ್ಧಿ, ಲ್ಯಾಬು, ಇತರೆ, ಇವೆಲ್ಲ ಚೂರುಚೂರು, ಒಂದು ಟಿಪ್ಪಣಿ ಹಾಳೇಲಿ ಹೋಗಿ ಸಹಿ ಆಗಿ ಬರುತ್ತೆ. ನನ್ನ ಕೈಯಿಂದಲೂ ಅಂಥ ಟಿಪ್ಪಣಿ ಹೋಗಿದೆ. ಅವತ್ತು ಅದು ಬರೀ ಅಂಕಿ ಆಗಿ ಕಾಣ್ತಿತ್ತು. ಅಟ್ಟದ ಮೇಲೆ ಒಣಗದೇ ಇರೋ ಕೊಬ್ಬರಿ ಕಾಣ್ತಿರ್ಲಿಲ್ಲ ನಂಗೆ. ಈ ವಯಸ್ಸಲ್ಲಿ ಹೇಳ್ಕೊಳ್ಳೋಕೆ ನಾಚಿಕೆ ಏನಿಲ್ಲ, ಆವಾಗ ಯೋಚನೆ ಮಾಡ್ಬೇಕಿತ್ತು.

ಹಂಗಾಗಿ ಕೇಳೋದಾದ್ರೆ ಟ್ಯೂಷನ್ ಫಿಕ್ಸ್ ಮಾಡಿ ಅಂತ ಕೇಳ್ಬೇಡಿ. ಪ್ರವೇಶದ ದಿನ ಒಂದೇ ಹಾಳೆ ಕೊಡಿ ಅಂತ ಕೇಳಿ. ಪರೀಕ್ಷಾ ಶುಲ್ಕದಿಂದ ಘಟಿಕೋತ್ಸವದವರ್ಗೂ ಎಲ್ಲಾ ಬಾಬ್ತು, ಮೂರೂ ವರ್ಷದ್ದು, ಕೆಳಗೆ ಒಟ್ಟು ಮೊತ್ತ, ರಿಜಿಸ್ಟ್ರಾರ್ ಸಹಿ. ಆ ಹಾಳೇಲಿ ಇಲ್ದೇ ಇರೋ ಬಾಬ್ತು ಆ ಬ್ಯಾಚಿಗೆ ಹಾಕೋ ಹಂಗಿಲ್ಲ. ಎರಡನೇ ವರ್ಷ ಸ್ವಲ್ಪ ಜಾಸ್ತಿ ಆಗ್ಲಿ, ಮೊದ್ಲೇ ಬರೆದಿದ್ರೆ ಆಯ್ತು. ಹಂಗೆ ಮಾಡಿದ್ರೆ ಮೊದಲ್ನೇ ವರ್ಷಕ್ಕೇ ಎಲ್ಲಾ ಭಾರ ಹೇರ್ಬೇಕಾಗಿಲ್ಲ, ಆ ಶಿಡ್ಲಘಟ್ಟದ ಮಗು ಹೇಳಿದ ಅನ್ಯಾಯನೂ ತಪ್ಪುತ್ತೆ. 2003ರಲ್ಲೇ ಸುಪ್ರೀಂ ಕೋರ್ಟು ಇಸ್ಲಾಮಿಕ್ ಅಕಾಡೆಮಿ ಪ್ರಕರಣದಲ್ಲಿ ಖಾಸಗಿ ವೃತ್ತಿಪರ ಕಾಲೇಜುಗಳಿಗೆ ಸಮಿತಿ ಗೊತ್ತು ಮಾಡಿದ ಫೀಸು ಮೂರು ವರ್ಷ ಬದಲಾಗ್ಬಾರ್ದು ಅಂದಿತ್ತು. ಖಾಸಗಿಯೋರಿಗೆ ಆಗೋದು ಸರ್ಕಾರಿ ವಿವಿಗೆ ಯಾಕಾಗಲ್ಲ?

ಕಾಗದದ ದಾರಿ ಹೇಳ್ತೀನಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದದೊಳಗೆ. ಯಾಕೆ ಏರ್ಸಿದ್ರಿ ಅಂತ ಬರೀಬೇಡಿ, 'ಯಾಕೆ'ಗೆ ಉತ್ತರ ಕೊಡಲ್ಲ. ಬಿಸಿಎ ಎರಡನೇ ವರ್ಷದ ಶುಲ್ಕ ಪರಿಷ್ಕರಣೆಗೆ ಅನುಮೋದನೆ ಕೊಟ್ಟ ಆದೇಶದ ಪ್ರತಿ, ಸಿಂಡಿಕೇಟ್, ಅಂದ್ರೆ ವಿವಿಯ ಆಡಳಿತ ಮಂಡಳಿ, ಅದ್ರ ಮುಂದೆ ಹೋಗಿದ್ರೆ ಆ ನಡಾವಳಿಯ ಪ್ರತಿ, 'ಇತರೆ' ಬಾಬ್ತಿನ ವಿವರ, ಇಷ್ಟು ಕೇಳಿ. 30 ದಿನದಲ್ಲಿ ಉತ್ತರ ಬರ್ಬೇಕು. ಅರ್ಜಿ ತಮ್ಮನ ಹೆಸರಲ್ಲಿ ಬೇಡ, ನಿಮ್ಮ ಹೆಸರಲ್ಲೇ ಹಾಕಿ.

ಮುಳಬಾಗಿಲು ರೈತ:

ಸಾರ್ ಆ ಅರ್ಜಿ ಒಂದ್ಸಲ ಬರೆದು ಇಲ್ಲೇ ಹಾಕಿ, ನಾವೂ ನಮ್ ಕಡೆ ಹಾಕ್ತೀವಿ. ಮಗನ್ನ ಸೇರಿಸೋಕ್ ಮುಂಚೆ ಕಾಲೇಜಿಗೆ ಹೋಗಿ ಆ ಒಂದು ಹಾಳೆ ಕೇಳ್ತೀನಿ ನಾನು. ಕೊಡಲ್ಲ ಅಂದ್ರೆ ಯಾರು ಕೊಡಲ್ಲ ಅಂದ್ರು ಅಂತನಾದ್ರೂ ಗೊತ್ತಾಗ್ತದೆ.

ಗುಬ್ಬಿ ಅಕ್ಕ:

ಸಾರ್ ನೀವು ಹೇಳಿದಂಗೆ ಬರೆದೆ, ಎಣಿಸಿ ನೋಡ್ದೆ, 112 ಪದ ಆಯ್ತು. ಸೋಮವಾರ ಪೋಸ್ಟ್ ಆಫೀಸಿಗೆ ಹೋಗಿ ಪೋಸ್ಟಲ್ ಆರ್ಡರ್ ತಗೊಂಡು ರಿಜಿಸ್ಟರ್ ಮಾಡಿ ಕಳಿಸ್ತೀನಿ. ಉತ್ತರ ಬಂದ ದಿನ ಇಲ್ಲೇ ಹಾಕ್ತೀನಿ.

ಗೆಳತೀನ ಕೇಳ್ದೆ, ಹೌದು ಕಣೇ ಉಳಿದ ಶುಲ್ಕ ಏರ್ತಾನೇ ಇರುತ್ತಂತೆ, ನಾನು ಅದನ್ನ ಹೇಳೋದೇ ಮರ್ತೆ ಅಂದ್ಳು.

ತಮ್ಮ ಎರಡು ರಸೀದಿ ಪಕ್ಕಪಕ್ಕ ಇಟ್ಟ ಫೋಟೋನ, ಹೆಸ್ರು ನಂಬರ್ ಮೇಲೆ ಬೆರಳಿಟ್ಟು ಮುಚ್ಚಿ, ಕ್ಲಾಸ್ ಗ್ರೂಪಿಗೆ ಹಾಕ್ದ. ರಾತ್ರಿ ಹತ್ತು ಗಂಟೆ ಅಷ್ಟೊತ್ತಿಗೆ ಹನ್ನೊಂದು ಜನ ತಮ್ದೂ ಕಳಿಸಿದಾರೆ. ಇಬ್ರು ರಸೀದೀಲಿ 'ಇತರೆ' 1,300 ಇಲ್ಲ, 900 ಇದೆ. ಅದೇ ಕಾಲೇಜು, ಅದೇ ಕ್ಲಾಸು. ಅಪ್ಪ ಫೋನ್ ಇಸ್ಕೊಂಡು ಹನ್ನೊಂದನ್ನೂ ಒಂದೊಂದೇ ದೊಡ್ಡದು ಮಾಡಿ ನೋಡ್ತಾ ಕೂತಿದಾರೆ.